ಕೆಂಪು ನೆಲದಡಿಯ ಪೈಪು

ವೈರ್‌ಮನ್ ಬೆಟ್ಟಸ್ವಾಮಿ ಕಪಿಲೆಯ ಈ ದಡದಲ್ಲಿ ಕೂತು, ಕೇಬಲ್ ವೈರಿನ ತುದಿಯನ್ನು ಪೈಪಿನ ಬಾಯಿಗೆ ತೋರಿಸಿ ಒಂದೇ ಒಂದು ಸಲ ‘ನಡಿ ಮಗನೇ’ ಅಂದರೆ ಸಾಕು, ವೈರು ತಾನಾಗಿಯೇ ಹೊಳೆಯ ಅಡಿಯಲ್ಲಿ ತೆವಳಿಕೊಂಡು ಹೋಗಿ, ಆಚೆ ದಡದ ಮನೆಯ ಮೆಟ್ಟಿಲು ಹತ್ತಿ, ಟಿವಿಯ ಹಿಂದಿನ ತೂತನ್ನು ಹುಡುಕಿಕೊಂಡು ಕೂತುಬಿಡುತ್ತಿತ್ತು. ದಾರಿಯಲ್ಲಿ ಮೀನುಗಳು ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದವು. ಇದನ್ನು ಕಣ್ಣಾರೆ ಕಂಡವರು ನಂಜನಗೂಡಿನಲ್ಲಿ ಮುನ್ನೂರು ಜನ ಇದ್ದಾರೆ ಎಂದು ಬೆಟ್ಟಸ್ವಾಮಿ ಹೇಳುತ್ತಿದ್ದ. ಆ ಮುನ್ನೂರರಲ್ಲಿ ಒಬ್ಬರ ಹೆಸರು ಹೇಳು ಎಂದರೆ, “ಒಬ್ರ ಹೆಸರು ಹೇಳಿ ಮಿಕ್ಕ ಇನ್ನೂರ ತೊಂಬತ್ತೊಂಬತ್ತು ಜನಕ್ಕೆ ಬೇಜಾರು ಮಾಡ್ಲಾ?” ಎನ್ನುತ್ತಿದ್ದ.

ಚಿಕ್ಕಯ್ಯನಛತ್ರದ ಈ ಬೆಟ್ಟಸ್ವಾಮಿಯ ಆಸ್ತಿ ಎಂದರೆ ಒಂದು ಮೊಪೆಡ್ಡು, ಒಂದು ಕ್ಯಾನ್‌ವಾಸ್ ಬ್ಯಾಗು, ಒಂದು ನಾಲಗೆ. ಮೂರರಲ್ಲಿ ಹೆಚ್ಚು ಓಡಿದ್ದು ಯಾವುದು ಎಂಬುದು ಎರಡು ತಾಲ್ಲೂಕಿಗೂ ಗೊತ್ತಿತ್ತು. ಆದರೂ ಕರೆದು ಕೆಲಸ ಕೊಡುತ್ತಿದ್ದರು. ಕೈ ಕೆಟ್ಟದ್ದಲ್ಲ. ಅವನು ಕೂರಿಸಿದ ಸ್ವಿಚ್ಚು ಒತ್ತಿದರೆ ಅದೇ ಮನೆಯ ದೀಪ ಹತ್ತುತ್ತಿತ್ತು, ಪಕ್ಕದ ಮನೆಯದಲ್ಲ.

ಎರಡು ಸಾವಿರದ ಐದರಲ್ಲಿ ತಿ. ನರಸೀಪುರದ ಹೆಮ್ಮಿಗೆ ರಸ್ತೆಯ ಹೊಸ ಬಡಾವಣೆಯಲ್ಲಿ ಅವನಿಗೊಂದು ಮನೆ ಸಿಕ್ಕಿತು. ತಾಲ್ಲೂಕು ಕಚೇರಿಯ ಗುಮಾಸ್ತೆ ಇಂದ್ರಾಣಿಯವರದು. ಗಂಡ ಶಿವಮೂರ್ತಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಗಳು ಕವನ ಪಿಯುಸಿ. ಜೊತೆಗೆ ಶಿವಮೂರ್ತಿಯ ತಾಯಿ ಮರಿತಾಯಮ್ಮ. ಕೆಳಗೆ ಹಾಲು-ಅಡುಗೆಮನೆ-ಎರಡು ಕೋಣೆ, ಮೇಲೆ ಒಂದೇ ಒಂದು ಓದುವ ಕೋಣೆ. ಅಷ್ಟೇ ಮನೆ. ಬೆಟ್ಟಸ್ವಾಮಿ ಅದನ್ನು ಊರಿನಲ್ಲಿ ವರ್ಣಿಸುವಾಗ ಮಾತ್ರ ಮೈಸೂರಿನ ಅರಮನೆ ಅದರ ಮುಂದೆ ಬಸ್ ನಿಲ್ದಾಣದ ಹಾಗೆ ಕಾಣುತ್ತಿತ್ತು.

ಇಂದ್ರಾಣಿಯವರದು ಒಂದೇ ಹಟ. ಮನೆಯಲ್ಲಿ ಎಲ್ಲಿಯೂ ಒಂದು ವೈರು ನೇತಾಡಬಾರದು.

ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷ ಅವರಿದ್ದ ಬಾಡಿಗೆ ಮನೆಯಲ್ಲಿ ಟಿವಿಯ ಕೇಬಲ್ಲು ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದರ ಹಿಂದೆಯೇ ಫೋನಿನ ವೈರು. ಗೋಡೆಗೆ ತೂತು ಕೊರೆಯಲು ಮನೆಯ ಯಜಮಾನ ಬಿಡಲಿಲ್ಲ. ಹಾಗಾಗಿ ಹನ್ನೊಂದು ವರ್ಷ ಆ ಕಿಟಕಿ ಪೂರ್ತಿ ಮುಚ್ಚಲಿಲ್ಲ. ಆ ಎರಡು ಬೆರಳಿನ ಸಂದಿಯಲ್ಲಿ ಸೊಳ್ಳೆ ಬಂತು, ಇರಚಲು ಬಂತು, ಒಮ್ಮೆ ಓತಿಕ್ಯಾತ ಬಂತು. ಕವನ ಒಂದನೇ ಕ್ಲಾಸಿನಿಂದ ಕಾಲೇಜು ಸೇರುವವರೆಗೂ ಸೊಳ್ಳೆ ಪರದೆಯೊಳಗೇ ಕೂತು ಓದಿದಳು.

“ನೋಡಿ ಬೆಟ್ಟಸ್ವಾಮಿ,” ಎಂದು ಇಂದ್ರಾಣಿ ಗೋಡೆ ಏಳುತ್ತಿದ್ದ ಮನೆಯ ನಡುವೆ ಇಟ್ಟಿಗೆಯ ಮೇಲೆ ಗ್ರಾಫ್ ಹಾಳೆ ಹರಡಿದರು. “ಇದು ಹಾಲು. ಕಂಬದಿಂದ ಕೇಬಲ್ಲು, ಫೋನು ಎರಡೂ ಇಲ್ಲಿ ಬಾಗಿಲ ಪಕ್ಕ ಒಳಗೆ ಬರ್ಬೇಕು. ಟಿವಿ ಈ ಗೋಡೆಗೆ. ಇಂಟರ್‌ನೆಟ್ಟಿನ ಡಬ್ಬಿ ಫೋನಿನ ಪಕ್ಕ. ಅಲ್ಲಿಂದ ಒಂದು ನೆಟ್ ವೈರು, ಒಂದು ಟಿವಿ ವೈರು ಮೇಲಿನ ಕೋಣೆಗೆ. ಕವನಳ ಕಂಪ್ಯೂಟರು ಅಲ್ಲಿರುತ್ತೆ.”

“ಪೇಪರ್ ಮಡಚಿ ಇಟ್ಕೊಳ್ಳಿ ಮೇಡಂ,” ಎಂದ ಬೆಟ್ಟಸ್ವಾಮಿ ಹಣೆಗೆ ಬೆರಳು ತಟ್ಟಿ. “ಪ್ಲಾನೆಲ್ಲಾ ಇಲ್ಲೈತೆ. ನಾನು ಮನೆ ಮುಂದೆ ಮೊಪೆಡ್ ನಿಲ್ಸೋ ಹೊತ್ಗೇ ಯಾವ ಪೈಪು ಎಲ್ಲಿ ತಿರುಗ್ಬೇಕು ಅಂತ ಗೋಡೆಗಳೇ ಹೇಳ್ಬುಡ್ತಾವೆ. ಇನ್ನೂ ನಾಕು ಟಿವಿ ಪಾಯಿಂಟ್ ಹಾಕ್ತೀನಿ. ಬಚ್ಚಲಿಗೊಂದು ಬೇಕಾ?”

“ಬಚ್ಚಲಲ್ಲಿ ಯಾರ್ರೀ ಟಿವಿ ನೋಡ್ತಾರೆ?” ಎಂದರು ಶಿವಮೂರ್ತಿ.

“ಸಾ, ಕಾಲ ಹೆಂಗ್ ಬತ್ತದೋ ಹೇಳಕ್ಕಾಯ್ತದಾ?”

ಮರಳಿನ ಗುಡ್ಡೆಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದ ಮರಿತಾಯಮ್ಮ ತಲೆಯೆತ್ತಿದರು. “ನಂಗೆ ಬಚ್ಚಲೂ ಬ್ಯಾಡ, ಮ್ಯಾಲ್ಗಡೆನೂ ಬ್ಯಾಡ ಕಣಪ್ಪ. ಮಲಗಿರೋ ಮಂಚದಿಂದ ಕತ್ತು ತಿರುಗ್ಸುದ್ರೆ ಟಿವಿ ಕಾಣ್ಬೇಕು. ಎದ್ದು ಕೂತ್ಕಬೇಕು ಅಂದ್ರೆ ನಂಗ್ಯಾಕೆ ಟಿವಿ?”

ಗ್ರಾಫ್ ಹಾಳೆಯಲ್ಲಿ ಟಿವಿ ಅರ್ಧ ಇಂಚು ಎಡಕ್ಕೆ ಸರಿಯಿತು.

ಒಂದು ವಿಷಯಕ್ಕೆ ಮಾತ್ರ ವಾದ ನಡೆಯಿತು. ಕರೆಂಟಿನ ವೈರು, ಟಿವಿ ವೈರು, ನೆಟ್ ವೈರು ಎಲ್ಲವನ್ನೂ ಒಂದೇ ಪೈಪಿನಲ್ಲಿ ತೂರಿಸುವುದು ಬೆಟ್ಟಸ್ವಾಮಿಯ ಲೆಕ್ಕ. “ಅಣ್ತಮ್ಮಂದ್ರ ಥರ ಇರ್ತಾವೆ ಮೇಡಂ.” ಇಂದ್ರಾಣಿ ಒಪ್ಪಲಿಲ್ಲ. ಕರೆಂಟಿನ ಪಕ್ಕದಲ್ಲಿ ಹೋದರೆ ಚಿತ್ರ ಅಲುಗುತ್ತದೆ, ನೆಟ್ಟು ಕೈಕೊಡುತ್ತದೆ ಎಂದು ಕಚೇರಿಯ ಕಂಪ್ಯೂಟರ್ ಹಾಕಲು ಬಂದವನು ಅವರಿಗೆ ಹೇಳಿದ್ದ. ಹಾಗಾಗಿ ಬೇರೆಯದೇ ಒಂದಿಂಚಿನ ಪೈಪು, ಹಾಲಿನಿಂದ ತಾರಸಿಯ ಕಾಂಕ್ರೀಟಿನೊಳಗೆ ಹಾದು ಮೇಲಿನ ಕೋಣೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಈ ಕಥೆ ಆ ಒಂದು ಪೈಪಿನದು.

ತಾರಸಿಗೆ ಕಾಂಕ್ರೀಟು ಹಾಕುವ ದಿನ ವೈರ್‌ಮನ್‌ಗೆ ಸಿಗುವುದು ಸ್ವಲ್ಪವೇ ಹೊತ್ತು. ಕಂಬಿ ಕಟ್ಟಿ ಮುಗಿದ ಮೇಲೆ, ಕಾಂಕ್ರೀಟು ಸುರಿಯುವ ಮುಂಚೆ, ಆ ಕಂಬಿಗಳ ನಡುವೆ ಪೈಪು ಮಲಗಿಸಿ, ಜೋಡಿಸಿ, ಬಿಗಿದುಬಿಡಬೇಕು. ಆಮೇಲೆ ಅದು ಕಲ್ಲಿನೊಳಗಿನ ಪೈಪು. ಆ ದಿನ ಬೆಟ್ಟಸ್ವಾಮಿ ಗಾಳಿಗಿಂತ ಬೇಗ ಕೆಲಸ ಮಾಡಿದ. ಅವನ ಕೈ ಓಡುವುದನ್ನು ನೋಡಿ ಕಾಗೆಗಳು ಕೂಡ ಹಾರುವುದನ್ನು ಮರೆತು ಸೆಂಟ್ರಿಂಗ್ ಶೀಟಿನ ಅಂಚಿನಲ್ಲಿ ಸಾಲಾಗಿ ಕೂತಿದ್ದವಂತೆ. ಒಂದೇ ಒಂದು ಕೆಲಸ ಉಳಿದಿತ್ತು. ಮಲಗಿದ ಪೈಪು ಮೇಲಿನ ಕೋಣೆಯ ಬಾಗಿಲ ಹತ್ತಿರ ಎದ್ದು ನಿಲ್ಲುತ್ತದಲ್ಲ, ಆ ಮೂಲೆಯ ಬೆಂಡಿಗೆ, ಅಂದರೆ ಬಾಗಿದ ಜೋಡುತುಂಡಿಗೆ, ಸೊಲ್ಯೂಷನ್ ಎಂಬ ಅಂಟು ಹಚ್ಚಿ ಕೂರಿಸುವುದು. ‘ಊಟ ಆದ್ಮೇಲೆ’ ಎಂದುಕೊಂಡ.

ಊಟವಾದ ಮೇಲೆ ಅವನಿಗೆ ಒಂದು ಭಾರಿ ತುರ್ತು ಕೆಲಸ ಬಂತು. ಎಂಥ ತುರ್ತು ಎಂದರೆ, ಅವನು ಹೋಗದಿದ್ದರೆ ಅವತ್ತು ಸಂಜೆ ಮೂರು ತಾಲ್ಲೂಕುಗಳಲ್ಲಿ ದೀಪ ಹತ್ತುತ್ತಿರಲಿಲ್ಲ ಎಂದು ಇಂದ್ರಾಣಿಯವರ ಮುಂದೆ ಹೇಳಿದ. ಎಲ್ಲಿಗೆ, ಏನು ಎಂಬುದನ್ನು ಅವನು ಯಾರಿಗೂ ಬಾಯಿಬಿಡಲಿಲ್ಲ. ಅವನು ತಾರಸಿಗೆ ಮರಳುವ ಹೊತ್ತಿಗೆ ಗಾರೆ ಮೇಸ್ತ್ರಿ ಚೆಲುವಯ್ಯನ ಆಳುಗಳು ಕಾಂಕ್ರೀಟನ್ನು ಆ ಮೂಲೆಯಿಂದಾಚೆಗೆ ದಾಟಿಸಿ, ಮಟ್ಟ ಹೊಡೆಯುತ್ತಿದ್ದರು. ಪೈಪಿನ ತುದಿಯೊಂದು ಒದ್ದೆ ಕಾಂಕ್ರೀಟಿನ ಮೇಲೆ ಮೊಳದುದ್ದ ಎದ್ದು ನಿಂತಿತ್ತು. ಅದರ ಬುಡದಲ್ಲಿ ಬೆಂಡು ಕೂತಿದೆಯೋ, ಬಿಟ್ಟುಕೊಂಡಿದೆಯೋ, ಒಳಗೆಲ್ಲ ಕಾಂಕ್ರೀಟು ತುಂಬಿದೆಯೋ, ದೇವರೇ ಬಲ್ಲ.

ಬೆಟ್ಟಸ್ವಾಮಿ ಏನನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ. ಕರೆಂಟಿನ ಪೈಪುಗಳೆಲ್ಲ ಸರಿಯಾಗಿದ್ದವು, ತಿಂಗಳುಗಳು ಕಳೆದವು, ಗೋಡೆಗೆ ಗಾರೆ ಬಿತ್ತು, ಬಣ್ಣ ಬಿತ್ತು, ದೀಪ ಹತ್ತಿದವು. ಆ ಒಂದು ಪೈಪಿನ ನೆನಪಾದಾಗಲೆಲ್ಲ ಅವನು ಹೊಸದೊಂದು ಪೌರುಷ ಕೊಚ್ಚಿ ಅದನ್ನು ಮುಚ್ಚುತ್ತಿದ್ದ.

ಚೆಲುವಯ್ಯ ಮೇಲಿನ ಕೋಣೆಗೆ ಕೆಂಪು ಆಕ್ಸೈಡಿನ ನೆಲ ಹಾಕಿದ. ಟೈಲ್ಸು ಹಾಕೋಣ ಎಂದು ಎಲ್ಲರೂ ಹೇಳಿದರೂ ಇಂದ್ರಾಣಿ ಆಸೆಪಟ್ಟು ಹಾಕಿಸಿದ ನೆಲ ಅದು. ಐದು ದಿನ ಮಂಡಿಯೂರಿ ಕೂತು ಚೆಲುವಯ್ಯ ಅದನ್ನು ಒಬ್ಬನೇ ಉಜ್ಜಿದ, ಆಳುಗಳಿಗೆ ಮುಟ್ಟಲು ಬಿಡಲಿಲ್ಲ. ಮುಗಿದ ಮೇಲೆ ಅದರಲ್ಲಿ ಕಿಟಕಿಯ ಸರಳು ಎಣಿಸಬಹುದಿತ್ತು. ಬೆಟ್ಟಸ್ವಾಮಿಯ ಪ್ರಕಾರ ಸೂರ್ಯನೇ ದಿನಾ ಬೆಳಿಗ್ಗೆ ಅದರಲ್ಲಿ ತಲೆ ಬಾಚಿಕೊಂಡು ಮುಂದೆ ಹೋಗುತ್ತಿದ್ದ. ಈ ಒಂದು ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ಬುದ್ಧ ಪೂರ್ಣಿಮೆಯ ದಿನ ಮನೆ ತುಂಬಿಕೊಳ್ಳುವುದು ಎಂದಾಗಿತ್ತು. ಶಿವಮೂರ್ತಿ ಮೇಷ್ಟ್ರು ಬಾಬಾಸಾಹೇಬರ ದಾರಿಯವರು. ಗುದ್ದಲಿ ಪೂಜೆಯಿಲ್ಲ, ವಾಸ್ತುವಿಲ್ಲ, ಹೋಮವಿಲ್ಲ. ಬುದ್ಧವಂದನೆ, ಬಂದವರಿಗೆ ಊಟ, ಅಷ್ಟೇ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಅದಕ್ಕೆ ಮೂರು ದಿನ ಇರುವಾಗ ಬೆಳಿಗ್ಗೆ ಹತ್ತು ಗಂಟೆಗೆ ಬೆಟ್ಟಸ್ವಾಮಿ ಟಿವಿ ವೈರು, ನೆಟ್ ವೈರಿನ ಸುರುಳಿಗಳೊಂದಿಗೆ ಬಂದ. ಮೇಲಿನ ಕೋಣೆಯಲ್ಲಿ, ಬಾಗಿಲ ಚೌಕಟ್ಟಿನ ಪಕ್ಕ ಮೂರಡಿ ಎತ್ತರದಲ್ಲಿದ್ದ ಬೋರ್ಡಿನ ಗೂಡಿಗೆ ಸ್ಪ್ರಿಂಗ್ ತೂರಿಸಿದ. ಸ್ಪ್ರಿಂಗ್ ಎಂದರೆ ವೈರನ್ನು ಹಿಂದೆ ಕಟ್ಟಿ ಎಳೆಯಲು ಮುಂದೆ ಕಳಿಸುವ ಉದ್ದನೆಯ ಉಕ್ಕಿನ ತಂತಿ. ಮೂರಡಿ ಇಳಿದು ನಿಂತಿತು.

ಹಿಂದೆ ಎಳೆದು ಮತ್ತೆ ತಳ್ಳಿದ. ಮೂರಡಿ. ಎಣ್ಣೆ ಸವರಿ ತಳ್ಳಿದ. ಮೂರಡಿ.

ಕೆಳಗಿಳಿದು ಹಾಲಿನ ಕಡೆಯಿಂದ ತೂರಿಸಿದ. ಸರಸರ ಹೋಯಿತು. ಹದಿನಾಲ್ಕಡಿ ಹೋಗಿ ಟಕ್ ಎಂದು ನಿಂತಿತು. ಬೆಟ್ಟಸ್ವಾಮಿಗೆ ಅಳತೆ ಹಿಡಿಯಬೇಕಾಗಿರಲಿಲ್ಲ. ಎರಡೂ ಕಡೆಯಿಂದ ಬಂದ ತಂತಿ ಒಂದೇ ಕಡೆ ನಿಂತಿತ್ತು. ಆ ಬೆಂಡಿನಲ್ಲಿ. ಕವನ ಕೂತು ಓದಬೇಕಾದ ಕೋಣೆಯ ಬಾಗಿಲ ಬುಡದಲ್ಲಿ, ಆ ಕೆಂಪು ನೆಲದ ಅಡಿಯಲ್ಲಿ.

ನೀರು ಕುಡಿಯಲು ಹೋದ. ಒಂದರ ಹಿಂದೊಂದು ಮೂರು ಲೋಟ ಕುಡಿದ.

“ಏನಾಯ್ತು ಬೆಟ್ಟಸ್ವಾಮಿ?” ಇಂದ್ರಾಣಿ ಅಡುಗೆಮನೆಯಿಂದ ಕೇಳಿದರು. ಮನೆ ತುಂಬುವ ಕೆಲಸಕ್ಕೆ ರಜೆ ಹಾಕಿ ಡಬ್ಬಗಳನ್ನು ಜೋಡಿಸುತ್ತಿದ್ದರು.

“ಏನಿಲ್ಲ ಮೇಡಂ. ಪೈಪು ಸ್ವಲ್ಪ ನಾಚ್ಕತಾ ಐತೆ.”

“ಅಂದ್ರೆ?”

“ಕರೆಂಟ್ ಪೈಪಲ್ಲೇ ಬುಟ್ಬುಡನಾ? ಯಾರ್ಗೂ ಗೊತ್ತಾಗಲ್ಲ.”

“ಬೇಡ ಅಂತ ಅವತ್ತೇ ಹೇಳಿದ್ನಲ್ಲ. ಅದೂ ಅಲ್ದೆ ಆ ಪೈಪು ತುಂಬಿದೆ ಅಂತ ನೀವೇ ಹೇಳಿದ್ರಿ.”

“ಹಂಗಾದ್ರೆ ಹೊರಗ್ಲಿಂದ ಗೋಡೆ ಮೇಲೆ ಚೆಂದಾಗಿ ಕ್ಲಿಪ್ ಹೊಡ್ದು, ಕಿಟ್ಕಿಯಿಂದ...”

ಇಂದ್ರಾಣಿಯವರ ಕೈಯಲ್ಲಿದ್ದ ಡಬ್ಬ ಕಟ್ಟೆಯ ಮೇಲೆ ಕೂತಿತು. ಕಿಟಕಿ ಎಂಬ ಮಾತು ಹೊರಬಿದ್ದ ಮೇಲೆ ಬೆಟ್ಟಸ್ವಾಮಿಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು. ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಹನ್ನೊಂದು ವರ್ಷ ಕಿಟಕಿಯಿಂದಲೇ ತಗೊಂಡಿದ್ದೀನಿ,” ಎಂದರು. “ಪೈಪಿಗೆ ಏನಾಗಿದೆ ಹೇಳಿ. ನಿಜ ಹೇಳಿ.”

ನಿಜ ಅವನ ಗಂಟಲವರೆಗೂ ಬಂದಿತ್ತು. ಬಾಯಿಗೆ ಬಂದದ್ದು ಬೇರೆ. “ಚೆಲುವಣ್ಣನ ಆಳುಗಳು ಮೇಡಂ. ಕಾಂಕ್ರೀಟ್ ಸುರಿಯೋವಾಗ ಬಾಂಡ್ಲಿ ಹೊತ್ಕೊಂಡು ಪೈಪ್ ಮೇಲೇ ಓಡಾಡವ್ರೆ. ಅಪ್ಪಚ್ಚಿ ಆಗೈತೆ. ಆನೆ ತುಳ್ದಂಗೆ ತುಳ್ದವ್ರೆ.”

“ಅದಕ್ಕೀಗ?”

“ಬಾಗಿಲ ಪಕ್ಕ ಒಂದಡಿ ನೆಲ ಒಡೀಬೇಕು.”

ಆಕ್ಸೈಡಿನ ನೆಲಕ್ಕೆ ತೇಪೆ ಹಾಕಲು ಬರುವುದಿಲ್ಲ. ಅದೇ ಮೇಸ್ತ್ರಿ, ಅದೇ ಬಣ್ಣದ ಪುಡಿ, ಅದೇ ಕೈ ಇದ್ದರೂ ಹೊಸ ಜಾಗ ಬೇರೆಯಾಗಿಯೇ ಕಾಣುತ್ತದೆ, ಮನೆ ಇರುವಷ್ಟು ಕಾಲವೂ ಕಾಣುತ್ತದೆ. ಇದು ಇಂದ್ರಾಣಿಗೂ ಗೊತ್ತಿತ್ತು. ಅವರು ಮೇಲೆ ಹೋಗಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಬೇಸಿಗೆ ರಜೆಯಲ್ಲೂ ಕೆಲಸವಿದೆಯೆಂದು ಸ್ಕೂಲಿಗೆ ಹೋಗಿದ್ದ ಗಂಡನನ್ನು ಫೋನು ಮಾಡಿ ಕರೆಸಿದರು. ಗಂಡ ಬರುವಾಗ ದಾರಿಯಲ್ಲಿ ಚೆಲುವಯ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು.

ಚೆಲುವಯ್ಯ ಅರವತ್ತು ದಾಟಿದ ಮನುಷ್ಯ, ಹೆಮ್ಮಿಗೆಯವನು, ಮಾತು ಕಡಿಮೆ. ಬೆಟ್ಟಸ್ವಾಮಿ ಒಂದು ಹೊತ್ತಿಗೆ ಖರ್ಚು ಮಾಡುವ ಮಾತಿನಲ್ಲಿ ಚೆಲುವಯ್ಯ ಒಂದು ಮನೆ ಕಟ್ಟಿ ಮುಗಿಸುತ್ತಿದ್ದ. ಆಳುಗಳು ಪೈಪು ತುಳಿದದ್ದರ ವಿಷಯವನ್ನು ಶಿವಮೂರ್ತಿ ದಾರಿಯಲ್ಲೇ ಹೇಳಿದ್ದರು. ಅವನು ಮೆಟ್ಟಿಲು ಹತ್ತಿ ಬಂದು ಬೆಟ್ಟಸ್ವಾಮಿಯ ಮುಖವನ್ನೇ ನೋಡಿದ.

“ನಮ್ಮೋರು ತುಳುದ್ರಾ?”

“ನಾನ್ ಕಂಡಂಗೆ... ಇರ್ಬೋದು ಚೆಲುವಣ್ಣ.”

“ಆ ಪೈಪು ನಂಗೂ ಗೊತ್ತು ಕಣ್ಲಾ. ಅದು ಅಪ್ಪಚ್ಚಿ ಆಗಕಿಲ್ಲ.” ಚೆಲುವಯ್ಯ ನೆಲದ ಮೇಲೆ ಕೂತು ಅಂಗೈಯಿಂದ ಬಾಗಿಲ ಬುಡವನ್ನು ಒಂದು ಸಲ ಸವರಿದ. “ಆದ್ರೂ ಒಡ್ದೇ ನೋಡವ. ನಮ್ಮೋರ ತಪ್ಪು ಅಂತ ಕಂಡ್ರೆ ಇಡೀ ಕ್ವಾಣೆ ನೆಲ ಇನ್ನೊಂದ್ಸಲ ಆಕ್ಕೊಡ್ತೀನಿ ತಾಯಿ. ನಮ್ಮೋರದಲ್ಲ ಅಂದ್ರೆ...” ಅವನು ವಾಕ್ಯ ಮುಗಿಸದೆ ಚೀಲದಿಂದ ಉಳಿ ತೆಗೆದ.

ಬೆಟ್ಟಸ್ವಾಮಿ ಲೆಕ್ಕ ಹಾಕಿದ. ನೆಲ ಒಡೆದರೆ ಕಾಣುವುದು ತುಳಿದ ಪೈಪಲ್ಲ. ಬಿಟ್ಟುಕೊಂಡ ಬೆಂಡು. ಅದು ಕೂಲಿಯವರ ಕಾಲಿನ ಕೆಲಸವೋ ವೈರ್‌ಮನ್‌ನ ಕೈಯ ಕೆಲಸವೋ ಎಂದು ಹೇಳಲು ಎಂಜಿನಿಯರ್ ಬೇಕಾಗಿಲ್ಲ. ಇತ್ತ ನೆಲ ಹೋಗುತ್ತದೆ, ಅತ್ತ ತನ್ನ ಹೆಸರು ಹೋಗುತ್ತದೆ, ನಡುವೆ ಈ ಮುದುಕನ ಐದು ದಿನದ ಮಂಡಿನೋವು ಹೋಗುತ್ತದೆ. ‘ನಿಲ್ಸಿ’ ಎಂದು ಹೇಳಬೇಕೆನಿಸಿತು. ಜೀವಮಾನದಲ್ಲಿ ಮಾತಿಗೆ ತಡವರಿಸದ ಬೆಟ್ಟಸ್ವಾಮಿಗೆ ಆ ಒಂದು ಪದ ಹೊರಡಲಿಲ್ಲ.

ಉಳಿ ನೆಲಕ್ಕೆ ತಾಗಿತು. ಸುತ್ತಿಗೆ ಮೇಲೆದ್ದಿತು.

“ಬ್ಯಾಡ! ಒಡೀಬ್ಯಾಡಿ ಕಣ್ರಪ್ಪ! ಒಡೀಬ್ಯಾಡಿ!”

ಮರಿತಾಯಮ್ಮ. ಮಂಡಿನೋವು ಎಂದು ಕಟ್ಟಿದಂದಿನಿಂದ ಮೆಟ್ಟಿಲನ್ನು ದೂರದಿಂದ ನೋಡುತ್ತಿದ್ದ ಮುದುಕಿ ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದಿದ್ದರು. ಬೆಟ್ಟಸ್ವಾಮಿ ಆಮೇಲೆ ಹೇಳುತ್ತಿದ್ದ ಪ್ರಕಾರ ಹಾರಿ ಬಂದಿದ್ದರು. ಸೆರಗು ಬಾಯಿಗೆ ಅಡ್ಡ, ಕಣ್ಣು ಮಗನ ಕಡೆ.

“ಯಾಕವ್ವ, ಏನಾಯ್ತು?” ಎಂದರು ಶಿವಮೂರ್ತಿ.

“ಪೈಪು ಯಾರೂ ತುಳ್ದಿಲ್ಲ ಕಣ್ ಮಗ.” ಅವರು ಬಾಗಿಲ ಚೌಕಟ್ಟಿಗೆ ಒರಗಿದರು. “ಅದ್ರೊಳೀಕೆ ನಾನು ಮಡಗಿವ್ನಿ.”

“ಏನನ್ನ?”

“ನವಧಾನ್ಯ.”

ಚೆಲುವಯ್ಯನ ಸುತ್ತಿಗೆ ಗಾಳಿಯಲ್ಲೇ ಇತ್ತು.

“ನೀನು ಬ್ಯಾಡ ಅಂದೆ,” ಎಂದರು ಮರಿತಾಯಮ್ಮ. “ಕೆಳಗಡೆ ಬಾಗ್ಲು ನಿಲ್ಸುವಾಗ ಸುಮ್ಕಿದ್ದೆ. ಈ ಬಾಗ್ಲು ನಿಲ್ಸುವಾಗ ತಡೀಲಿಲ್ಲ. ಕೂಸು ಕೂತ್ಕಂಡು ಓದೋ ಕ್ವಾಣೆ. ಕಾಳು ಕಾಸು ಏನೂ ಆಕ್ದೆ ಬಾಗ್ಲು ನಿಲ್ಸಿ ನಂಗ್ ಗೊತ್ತಿಲ್ಲ ಕಣಪ್ಪ. ನಿನ್ ಕಣ್ಣಿಗೆ ಕಂಡ್ರೆ ಬೇಜಾರ್ ಮಾಡ್ಕತೀಯ. ಅದ್ಕೇ ಕಾಣ್ದಂಗೆ ಆಕ್ದೆ.”

“ಪೈಪಿನೊಳಗಾ ಅವ್ವ?”

“ಬಾಗ್ಲು ಪಕ್ಕದಲ್ಲೇ ಬಾಯಿ ತಕ್ಕಂಡು ನಿಂತಿತ್ತು. ಇಂಥದ್ಕೆ ಅಂತ್ಲೇ ಬುಟ್ಟವ್ರೆ ಅನ್ಕಂಡೆ.”

ಮೊದಲು ನಕ್ಕಿದ್ದು ಇಂದ್ರಾಣಿ. ಅವರು ನೆಲದ ಮೇಲೆ ಕೂತುಬಿಟ್ಟರು, ಆ ಕೆಂಪು ನೆಲದ ಮೇಲೆಯೇ, ಎರಡೂ ಅಂಗೈ ಊರಿ. ನಗುವಿನ ನಡುವೆ ಕಣ್ಣೊರೆಸಿಕೊಂಡರು. ಶಿವಮೂರ್ತಿ ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಬೈಯಬೇಕೆಂದು ತೆರೆದ ಬಾಯಿ ಬೇರೇನನ್ನೋ ಹೇಳಿತು. “ಆ ಮಂಡೀಲಿ ಆಗ ಏಣಿ ಹತ್ತಿದ್ಯಾ ಅವ್ವ? ಮೆಟ್ಲೇ ಇರ್ಲಿಲ್ಲವಲ್ಲ.”

“ಇಳಿಯೋದು ವಸಿ ಕಷ್ಟ ಆಯ್ತು,” ಎಂದರು ಮರಿತಾಯಮ್ಮ.

ಮುಂದಿನ ಕೆಲಸ ಸಲೀಸಾಗಿ ನಡೆಯಿತು. ಚೆಲುವಯ್ಯ ಉಳಿಯನ್ನು ಚೀಲಕ್ಕೆ ಸೇರಿಸಿ ಕೆಳಗಿಳಿದು ಹಾಲಿನ ಕಡೆಯಿಂದ ಸ್ಪ್ರಿಂಗ್ ತಳ್ಳತೊಡಗಿದ. ಮೇಲೆ ಬೆಟ್ಟಸ್ವಾಮಿ ಕಂಬಿ ಕಟ್ಟುವ ತಂತಿಯ ತುದಿಯನ್ನು ಗಾಳದ ಹಾಗೆ ಬಗ್ಗಿಸಿ ಗೂಡಿನಿಂದ ಇಳಿಬಿಟ್ಟ. ನಾಲ್ಕನೆಯ ಸಲಕ್ಕೆ ಏನೋ ಸಿಕ್ಕಿಕೊಂಡಿತು. ಎಳೆದ. ಮೊದಲು ಅರಿಶಿನದ ಬಟ್ಟೆಯ ಚೂರು ಬಂತು. ಆಮೇಲೆ ಗಂಟು. ಹೊಸ ಗೋಡೆಗೆ ದಿನಾ ಹೊಡೆದ ನೀರು ಕುಡಿದು ಕಾಳೆಲ್ಲ ಮೊಳೆತು, ಊದಿ, ಪೈಪಿಗೆ ಬಿರಟೆಯಂತೆ ಕೂತು, ಹಾಗೆಯೇ ಒಣಗಿತ್ತು. ಹೆಸರು, ಕಡಲೆ, ಅವರೆ, ಎಳ್ಳು. ಒಂದು ನಾಲ್ಕಾಣೆ.

“ಮೊಳ್ತವೆ ನೋಡು,” ಎಂದರು ಮರಿತಾಯಮ್ಮ, ಮಗನಿಗಲ್ಲ, ಸೊಸೆಗೆ.

ಆ ಕ್ಷಣಕ್ಕೇ ಕೆಳಗಿನಿಂದ ಚೆಲುವಯ್ಯ ತಳ್ಳುತ್ತಿದ್ದ ಸ್ಪ್ರಿಂಗಿನ ಮೂತಿ ಬೆಂಡನ್ನು ದಾಟಿ, ಗೂಡಿನಿಂದ ಹೊರಗೆ ಇಣುಕಿತು. ನೆಟ್ಟಗೆ. ಸಲೀಸಾಗಿ. ಎಲ್ಲೂ ಬಿಟ್ಟುಕೊಂಡಿಲ್ಲ, ಎಲ್ಲೂ ಕಾಂಕ್ರೀಟಿಲ್ಲ.

ಬೆಟ್ಟಸ್ವಾಮಿಯ ಎದೆಯ ಮೇಲಿಂದ ಆರು ತಿಂಗಳ ತಾರಸಿ ಕಳಚಿಬಿತ್ತು. ಮೈಯೆಲ್ಲ ಹಗುರ. ಮತ್ತು ಎದೆ ಹಗುರವಾದೊಡನೆ ನಾಲಗೆಗೆ ಜೀವ ಬಂತು.

“ನೋಡುದ್ರಾ ಮೇಡಂ! ನಾನು ಹೇಳಿರ್ಲಿಲ್ವಾ! ಬೆಟ್ಟಸ್ವಾಮಿ ಕೂರ್ಸಿದ ಬೆಂಡು ಅಂದ್ರೆ ಬೆಸುಗೆ. ಆನೆ ತುಳಿದ್ರೂ ಆನೆ ಕಾಲು ಉಳುಕ್ಬೇಕು. ಅವತ್ತು ಇದ್ಕೆ ಸೊಲ್ಯೂಷನ್ ಹಚ್ಚಿ, ಹತ್ತು ನಿಮಿಷ ಉಸಿರು ಬಿಗಿ ಹಿಡ್ದು ಕೂತಿದ್ದೆ ಸಾ, ಗಾಳಿ ತಾಗ್ಬಾರ್ದು ಅಂತ. ಡಬ್ಬ ಪೂರ್ತಿ ಖಾಲಿ ಮಾಡಿದ್ದೆ.”

“ಯಾವ ಸೊಲ್ಯೂಷನ್‌ಲಾ?” ಎಂದಿತು ಗೋಡೆ.

ಎಲ್ಲರೂ ಗೋಡೆಯ ಕಡೆ ತಿರುಗಿದರು. ಖಾಲಿಯಾದ ಪೈಪು ಹಾಲಿನಲ್ಲಿ ಕೂತಿದ್ದ ಚೆಲುವಯ್ಯನ ದನಿಯನ್ನು ಕಿವಿಯ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಮೇಲೆ ತಂದಿತ್ತು. ಮೇಲಿನ ಮಾತೂ ಹಾಗೆಯೇ ಕೆಳಗಿಳಿದಿತ್ತು.

“ಅದೇ... ಬಿಳೀದು ಚೆಲುವಣ್ಣ.”

“ಬಿಳೀ ಡಬ್ಬ ನಿನ್ ಬ್ಯಾಗಲ್ಲಿತ್ತು. ಬ್ಯಾಗು ನಿನ್ ತಲೆ ಕೆಳೀಕಿತ್ತು. ತಲೆ ಸಿಮೆಂಟ್ ಮೂಟೆ ಮ್ಯಾಲಿತ್ತು. ಎಬ್ಬಿಸ್ದೆ, ಎದ್ದಿಲ್ಲ. ಬೆಂಡು ಬಿಟ್ಕಂಡು ಬಿದ್ದಿತ್ತು. ಪ್ಲಾಸ್ಟಿಕ್ ಚೀಲ ಸುತ್ತಿ, ಕಟ್ಟೋ ತಂತೀಲಿ ನಾನೇ ಬಿಗುದ್ನಲ್ಲೋ. ಬೇಕಾದ್ರೆ ಈಗ ಒಡ್ದು ನೋಡವ, ಉಳಿ ತರ್ಲಾ?”

ಬೆಟ್ಟಸ್ವಾಮಿ ಗೂಡಿನ ತೂತನ್ನು ಅಂಗೈಯಿಂದ ಮುಚ್ಚಿದ. ಅಂಗೈಯೊಳಗೆ ಚೆಲುವಯ್ಯ ಇನ್ನೂ ಗೊಣಗುತ್ತಲೇ ಇದ್ದ.

“ಮೂರು ತಾಲ್ಲೂಕಿನ ದೀಪ ಅಂದಿದ್ರಲ್ಲ ಅವತ್ತು?” ಎಂದರು ಇಂದ್ರಾಣಿ. ಕೋಪವಿರಲಿಲ್ಲ. ನಗುವನ್ನು ತಡೆದುಕೊಂಡಿದ್ದರು.

ಅವನು ಕೈ ತೆಗೆದ. ಕೆಂಪು ನೆಲದಲ್ಲಿ ತನ್ನ ಮುಖವೇ ಕಾಣುತ್ತಿತ್ತು.

“ಯಾವ ತಾಲ್ಲೂಕೂ ಇಲ್ಲ ಮೇಡಂ. ಮಲಗ್ಬುಟ್ಟಿದ್ದೆ. ನೀವು ಮಾಡ್ಸಿದ್ದ ಒಬ್ಬಟ್ಟು ಐದು ತಿಂದೆ, ಕಣ್ಣು ಎಳೀತು.”

“ಒಂಬತ್ತು,” ಎಂದಿತು ಗೋಡೆ.

“ಒಂಬತ್ತು,” ಎಂದ ಬೆಟ್ಟಸ್ವಾಮಿ. ಜೀವಮಾನದಲ್ಲಿ ಮೊದಲ ಸಲ ಅವನು ಲೆಕ್ಕವನ್ನು ಕಡಿಮೆ ಹೇಳಿದ್ದ. “ಎದ್ದು ನೋಡಿದಾಗ ಮುಗ್ದೋಗಿತ್ತು. ಕೇಳಕ್ಕೆ ಮುಖ ಇರ್ಲಿಲ್ಲ. ಇವತ್ತು ಬೆಂಡು ಬಿಟ್ಕಂಡಿದೆ ಅಂತ ನಂಗೆ ಗ್ಯಾರಂಟಿ ಇತ್ತು. ಆದ್ರೂ ಚೆಲುವಣ್ಣನ ಆಳುಗಳ ಮೇಲೆ ಹಾಕ್ಬುಟ್ಟೆ.” ಅವನು ಗೂಡಿನ ಹತ್ತಿರ ಬಾಗಿದ. “ತಪ್ಪಾಯ್ತು ಚೆಲುವಣ್ಣ.”

ಗೋಡೆ ಕೆಮ್ಮಿತು.

“ನಂಗಲ್ಲ. ನಾಳೀಕೆ ನಮ್ಮೋರು ಶಾಮಿಯಾನ ಆಕಕ್ಕೆ ಬತ್ತಾರೆ. ಅವ್ರ ಎದ್ರುಗೇ ಏಳು.”

“ಹೇಳ್ತೀನಿ.”

“ಪೈಪಲ್ಲಲ್ಲ ಕಣ್ಲಾ. ಮಕ ಕೊಟ್ಟು.”

“ಮುಖ ಕೊಟ್ಟೇ ಹೇಳ್ತೀನಿ.”

ಮರಿತಾಯಮ್ಮ ಒಣಗಿದ ಮೊಳಕೆಗಳನ್ನು ಬಟ್ಟೆಯ ಚೂರಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಶಿವಮೂರ್ತಿ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಒಂದು ಗಳಿಗೆ ಯೋಚಿಸಿ, ಕವನಳ ಮೇಜಿನ ಖಾನೆಯಲ್ಲಿಟ್ಟರು. “ವೈರಿಗೆ ಅಡ್ಡ ಬರದ ಜಾಗ ಇದು,” ಎಂದರು. ಮುದುಕಿ ಮಗನ ಮುಖ ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದರು. ಇಳಿಯಲು ಮಗನ ತೋಳು ಬೇಕಾಯಿತು.

ಟಿವಿ ವೈರು, ನೆಟ್ ವೈರು ಎರಡನ್ನೂ ಸ್ಪ್ರಿಂಗಿನ ಕೊನೆಗೆ ಕಟ್ಟಿ ಬೆಟ್ಟಸ್ವಾಮಿ ಎಳೆದ. ಚೆಲುವಯ್ಯ ಕೆಳಗಿನಿಂದ ಒದಗಿಸಿದ. ಜಗ್ಗದೆ, ಸಿಕ್ಕದೆ ಎರಡೂ ಮೇಲೆ ಬಂದವು. ಕಿಟಕಿ ಪೂರ್ತಿ ಮುಚ್ಚಿತ್ತು. ಇಂದ್ರಾಣಿ ಎದ್ದು ಹೋಗಿ ಅದನ್ನು ಒಮ್ಮೆ ತೆಗೆದು, ಮತ್ತೆ ಮುಚ್ಚಿ, ಚಿಲಕ ಹಾಕಿ ನೋಡಿ ಬಂದರು. ಆಮೇಲೆ ನೆಟ್ ವೈರಿನ ಬಿಚ್ಚಿದ ತುದಿಯಲ್ಲಿ ಕಾಣುತ್ತಿದ್ದ ಎಂಟು ಬಣ್ಣದ ಎಳೆಗಳನ್ನು ಬೆರಳಿನಿಂದ ಬಿಡಿಸಿದರು.

“ಇವನ್ನ ಯಾವ ಕ್ರಮದಲ್ಲಿ ಜೋಡಿಸಬೇಕೋ ಅದು ನಿಮಗೆ ಗೊತ್ತು ತಾನೆ?”

ಬೆಟ್ಟಸ್ವಾಮಿ ಬಾಯಿ ತೆರೆದ. ಒಳಗೆ ಒಂದು ಭರ್ಜರಿ ಮಾತು ಸಿದ್ಧವಾಗಿತ್ತು, ಅದರಲ್ಲಿ ಬೆಂಗಳೂರು ಬರುತ್ತಿತ್ತು, ಒಬ್ಬ ಮಂತ್ರಿಯೂ ಬರುತ್ತಿದ್ದ. ಅವನು ಗೂಡಿನ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿ, ಮತ್ತೆ ತೆರೆದ.

“ಕರೆಂಟ್ ವೈರು ಬತ್ತದೆ ಮೇಡಂ, ಟಿವಿ ವೈರು ಬತ್ತದೆ. ನೆಟ್ ವೈರು ನಾನು ಮುಟ್ತಾ ಇರೋದು ಇವತ್ತೇ ಮೊದ್ಲು. ನಿಮ್ಮ ಕಚೇರಿ ಕಂಪ್ಯೂಟ್ರು ಹಾಕಿದ್ರಲ್ಲ, ಅವ್ರನ್ನ ಕರೆಸಿ. ನಾನು ಪಕ್ಕದಲ್ಲಿ ಕೂತು ಕಲ್ತ್ಕತೀನಿ.”